ಹರಿದ ಹಾಳೆಯಲ್ಲಿ ಇಲ್ಲದ ಸಾಲು

ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಕಲಿಸಿ ನಿವೃತ್ತರಾದ ಮೇಲೆ ವಾರಿಜಾಕ್ಷಿಯವರಿಗೆ ರಿಪ್ಪನ್‌ಪೇಟೆಯ ಮನೆಯಲ್ಲಿ ಸುಮ್ಮನೆ ಕೂರಲು ಆಗಲಿಲ್ಲ. ಸಮುದಾಯ ಭವನದಲ್ಲಿ ದೊಡ್ಡವರಿಗೆ ಓದು ಕಲಿಸುವ ಮಧ್ಯಾಹ್ನದ ತರಗತಿಗೆ ಸೇರಿಕೊಂಡರು. ಹೊಸಬರಿಗೆ ಎಷ್ಟು ಓದು ಬರುತ್ತದೆಂದು ನೋಡುವ ಕೆಲಸ ಅವರದು. ಮೊದಲು ಅಕ್ಷರ, ಅದು ಬಂದರೆ ಪದ, ಆಮೇಲೆ ವಾಕ್ಯ, ಕೊನೆಗೊಂದು ಪುಟ್ಟ ಕಥೆ. ಎಲ್ಲಿ ತಡವರಿಸುತ್ತಾರೋ ಅಲ್ಲಿಂದ ಪಾಠ ಶುರು.

ಕಳೆದ ಜುಲೈಯಲ್ಲಿ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಒಬ್ಬ ಹೆಂಗಸು ಬಂದಳು.

"ಅಕ್ಕೋರೆ, ನನ್ ಗುರ್ತು ಸಿಕ್ತಾ? ಶರಾವತಿ. ಚಂದ್ರಯ್ಯನ ಮಗಳು. ಪ್ಯಾಟೆಲಿ ಬ್ಲೌಸ್ ಹೊಲೀತೀನಿ."

ಅವಳ ಹೆಸರು ಕೇಳಿದೊಡನೆ ವಾರಿಜಾಕ್ಷಿಯವರಿಗೆ ಹಳೆಯದೆಲ್ಲ ನೆನಪಾಯಿತು. ಅಕ್ಷರದ ಕಾರ್ಡು ಮುಂದಿಟ್ಟರು. ಶರಾವತಿ ಅಕ್ಷರಗಳಲ್ಲಿ ಅರ್ಧ ಗುರುತಿಸಿದಳು. ಪದ ಬಂದಾಗ ನಿಂತೇಬಿಟ್ಟಳು. ಪಕ್ಕದಲ್ಲಿ ಕೂತವರ ಕಡೆ ತಿರುಗಿ ನಗುತ್ತಾ, "ಇವ್ರೇ ನನ್ ಅಕ್ಕೋರು. ಚೆನ್ನಾಗೇ ಕಲಿಸಿದ್ರು. ನನ್ ತಲೆಗೇ ಹತ್ಲಿಲ್ಲ," ಎಂದಳು.

ವಾರಿಜಾಕ್ಷಿ ತಲೆ ತಗ್ಗಿಸಿ ಪುಸ್ತಕದಲ್ಲಿ 'ಅಕ್ಷರ ಮಟ್ಟ' ಎಂದು ಬರೆದುಕೊಂಡರು.

ಹತ್ತೊಂಬತ್ತು ವರ್ಷದ ಹಿಂದೆ ಶರಾವತಿಯ ಹಳ್ಳಿ ಶಾಲೆಯಲ್ಲಿ ಇದ್ದದ್ದು ಅವರೊಬ್ಬರೇ, ನಾಲ್ಕು ತರಗತಿಗೂ. ಮರುದಿನ ಶಿಕ್ಷಣ ಇಲಾಖೆಯ ಅಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಪ್ರತಿ ಮಗುವಿನ ಓದು ನೋಡಿ ಬರೆದಿಡಬೇಕಿತ್ತು. ಒಂಬತ್ತು ವರ್ಷದ ಶರಾವತಿ ಪುಸ್ತಕ ಹಿಡಿದು ಇರುವೆಗಳ ಪಾಠ ಓದಿದಳು, ಎಲ್ಲೂ ತಡೆಯದೆ. ಆದರೆ ಆ ಪುಸ್ತಕದ ಹಾಳೆಯ ಕೆಳಗಿನ ಮೂಲೆಯನ್ನು ಇಲಿ ತಿಂದಿತ್ತು. ಹುಡುಗಿಯ ಬೆರಳು ಹರಿದ ಅಂಚನ್ನು ದಾಟಿ ಬೆಂಚಿನ ಮೇಲೆ ಹರಿಯಿತು. ದನಿ ಮಾತ್ರ ನಿಲ್ಲಲಿಲ್ಲ. ಹಾಳೆಯಲ್ಲಿ ಇಲ್ಲದ ಸಾಲನ್ನೂ ಅವಳು ಓದಿ ಮುಗಿಸಿದಳು.

ಬೇರೆಯವರ ಬಾಯಲ್ಲಿ ಕೇಳಿಯೇ ಇಡೀ ಪುಸ್ತಕ ಬಾಯಿಪಾಠ ಮಾಡಿದ್ದಾಳೆಂದು ವಾರಿಜಾಕ್ಷಿಗೆ ಆಗಲೇ ತಿಳಿಯಿತು. ಆದರೂ 'ಸರಾಗವಾಗಿ ಓದುತ್ತಾಳೆ' ಎಂದು ಬರೆದರು. ರಜೆ ಕಳೆದ ಮೇಲೆ ಕೂರಿಸಿಕೊಂಡು ಕಲಿಸಿದರಾಯಿತು ಎಂದುಕೊಂಡರು. ಜೂನ್‌ನಲ್ಲಿ ಅವರಿಗೆ ಮೇಳಿಗೆ ಊರಿನ ಶಾಲೆಗೆ ವರ್ಗವಾಯಿತು. ಹೊಸದಾಗಿ ಬಂದ ಮೇಷ್ಟ್ರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಈಗ ವಾರಕ್ಕೆ ಮೂರು ದಿನ ಶರಾವತಿ ಎದುರು ಕೂರುತ್ತಿದ್ದಳು. ಒತ್ತಕ್ಷರ ತಪ್ಪಿದಾಗಲೆಲ್ಲ ತನ್ನ ತಲೆಯನ್ನೇ ಬೈದುಕೊಳ್ಳುತ್ತಿದ್ದಳು. ಆರು ವಾರ ಕೇಳಿಸಿಕೊಂಡ ವಾರಿಜಾಕ್ಷಿಗೆ ಏಳನೆಯ ವಾರ ಕೇಳಲಾಗಲಿಲ್ಲ. ಎಲ್ಲರೂ ಹೊರಟ ಮೇಲೆ ಅವಳನ್ನು ನಿಲ್ಲಿಸಿಕೊಂಡರು.

"ನಿನ್ನ ತಲೆಗೆ ಏನೂ ಆಗಿಲ್ಲ ಶರಾವತಿ. ತಪ್ಪು ನಂದು," ಎಂದು ಶುರುಮಾಡಿ ಹರಿದ ಹಾಳೆಯಿಂದ ಹಿಡಿದು ವರ್ಗಾವಣೆಯವರೆಗೆ ಎಲ್ಲವನ್ನೂ ಹೇಳಿದರು.

ಶರಾವತಿ ಕೊರಳಿನ ಅಳತೆಪಟ್ಟಿ ತೆಗೆದು ಚೀಲಕ್ಕೆ ಹಾಕಿದಳು. ಆಮೇಲೆ ಕೇಳಿದಳು, "ನಂಗೆ ಬರಲ್ಲ ಅಂತ ಗೊತ್ತಿದ್ದೂ ಬರೆದ್ರಾ?"

"ಹೌದು."

ಚೀಲ ಎತ್ತಿಕೊಂಡು ಹೋದವಳು ಎರಡು ವಾರ ಬರಲಿಲ್ಲ. ವಾರಿಜಾಕ್ಷಿಗೆ ಊಟ ರುಚಿಸಲಿಲ್ಲ. ಹೇಳಿ ಮನಸ್ಸು ಹಗುರ ಮಾಡಿಕೊಂಡದ್ದು ತಮಗಾಗಿಯೋ ಅವಳಿಗಾಗಿಯೋ ಎಂಬ ಅನುಮಾನ ಬೇರೆ. ಕೊನೆಗೆ ಹೊಲಿಗೆ ಅಂಗಡಿಗೇ ಹೋದರು. ಶರಾವತಿ ಸ್ಟೂಲ್ ಕೊಟ್ಟಳು, ಮಷಿನ್ ಮಾತ್ರ ನಿಲ್ಲಿಸಲಿಲ್ಲ.

"ಎಂಟನೇ ಕ್ಲಾಸಲ್ಲಿ ಎದ್ದು ಓದು ಅಂದ್ರು ಅಕ್ಕೋರೆ. ಅವತ್ತು ಬಾಯಿಪಾಠ ಇರ್ಲಿಲ್ಲ. ಎಲ್ಲಾ ನಕ್ರು. ಮಾರನೇ ದಿನದಿಂದ ನಾನು ಸ್ಕೂಲಿಗೆ ಹೋಗ್ಲೇ ಇಲ್ಲ. ಅಪ್ಪ ಹೊಡೆದ್ರು, ಆದ್ರೂ ಹೋಗ್ಲಿಲ್ಲ. ದಡ್ಡಿ ಅಂತ ನಾನೂ ನಂಬ್ಕಂಡೆ."

ವಾರಿಜಾಕ್ಷಿ ಕ್ಷಮೆ ಕೇಳಿದರು. ಶರಾವತಿ ಬಟ್ಟೆಯನ್ನು ಮಷಿನ್‌ನಿಂದ ಹೊರಗೆಳೆದಳು. ದಾರ ಕತ್ತರಿಸಿ, "ಕ್ಲಾಸಿಗೆ ಬರ್ತೀನಿ. ಆದ್ರೆ ನಿಮ್ ಹತ್ರ ಕೂರಲ್ಲ. ಶ್ಯಾಮಲಾ ಮೇಡಂ ಹತ್ರ ಕಲೀತೀನಿ," ಎಂದಳು.

"ಆಯ್ತಮ್ಮ," ಎಂದು ವಾರಿಜಾಕ್ಷಿ ಎದ್ದು ಬಂದರು.

ಅದೇ ತರಗತಿಯಲ್ಲಿ ಕಲಿಸುತ್ತಿದ್ದ ಕಿರಿಯ ಶಿಕ್ಷಕಿ ಶ್ಯಾಮಲಾ ಅವಳನ್ನು ತಮ್ಮ ಗುಂಪಿಗೆ ಸೇರಿಸಿಕೊಂಡರು. ಜನವರಿಯಲ್ಲಿ ಮತ್ತೆ ಓದಿನ ಪರೀಕ್ಷೆ. ಯಾರೂ ಕೇಳಿರದ ಹೊಸ ಕಥೆಯನ್ನು ಶ್ಯಾಮಲಾ ಅವಳ ಕೈಗೆ ಕೊಟ್ಟರು. ವಾರಿಜಾಕ್ಷಿ ಜಗಲಿಯಲ್ಲಿ ನಿಂತು ಕಿಟಕಿಯಿಂದ ಕೇಳಿಸಿಕೊಂಡರು. ನಿಧಾನದ ಓದು. ಒಂದು ಕಡೆ ದನಿ ನಿಂತಿತು. ಅವಳು ಊಹಿಸಿ ಮುಂದೆ ಹೋಗಲಿಲ್ಲ. ಅಕ್ಷರ ಅಕ್ಷರ ಕೂಡಿಸಿ ಪದವನ್ನು ಹೊರಗೆ ತಂದಳು. ಕಥೆ ಮುಗಿಯುವಾಗ ವಾರಿಜಾಕ್ಷಿಯ ಕಣ್ಣು ತುಂಬಿತ್ತು. ಆದರೆ ಆ ಸಂತೋಷದಲ್ಲಿ ತಮ್ಮ ಪಾಲು ಇಲ್ಲವೆಂದು ಅವರಿಗೆ ಗೊತ್ತಿತ್ತು. ಅವಳು ಹೊರಬರುವ ಮೊದಲೇ ಪಕ್ಕದ ಕೋಣೆಗೆ ಹೋಗಿ ತಮ್ಮ ಗುಂಪಿನವರ ಜೊತೆ ಕೂತರು.

ಹತ್ತೊಂಬತ್ತು ವರ್ಷದ ಹಿಂದಿನ ಶಾಲೆಯ ಆ ಪಟ್ಟಿಯಲ್ಲಿ ಇಪ್ಪತ್ತಮೂರು ಮಕ್ಕಳಿದ್ದರು. ಶರಾವತಿಯಂತೆಯೇ ಅನುಮಾನವಿದ್ದೂ ಮುಂದೆ ದಾಟಿಸಿದವರು ಇನ್ನೂ ಮೂವರು. ಅವರನ್ನು ಈಗ ವಾರಿಜಾಕ್ಷಿ ಹುಡುಕುತ್ತಿದ್ದಾರೆ. ಒಬ್ಬ ಕಾಂತರಾಜ್, ಬ್ಯಾಕೋಡಿನಲ್ಲಿ ಗಾಡಿ ರಿಪೇರಿ ಮಾಡುತ್ತಾನೆ. ಸಾಗರದಿಂದ ಬಸ್ಸು ಹಿಡಿದು ಹೋಗಿ ಅವನೆದುರೂ ತಪ್ಪು ಒಪ್ಪಿಕೊಂಡರು.

ಅವನು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ನಕ್ಕ. "ಈಗೆಲ್ಲ ಮೊಬೈಲೇ ಓದ್ ಹೇಳುತ್ತೆ ಅಕ್ಕೋರೆ. ಇಷ್ಟು ದೂರ ಯಾಕ್ ಬಂದ್ರಿ, ಟೀ ಕುಡೀರಿ."

ಟೀ ಕುಡಿದು ಬಂದರು. ಮುಂದಿನ ತಿಂಗಳು ಅಕ್ಷರದ ಕಾರ್ಡು ತೆಗೆದುಕೊಂಡು ಮತ್ತೆ ಅವನಲ್ಲಿಗೆ ಹೋಗುವವರಿದ್ದಾರೆ. ಉಳಿದ ಇಬ್ಬರ ವಿಳಾಸ ಇನ್ನೂ ಸಿಕ್ಕಿಲ್ಲ.