ಪೂಜೆಯ ದಿನದ ಬೋಣಿ ಆಟ

ವಿಡಿಯೋ ಗೇಮ್ ಹುಡುಗರನ್ನು ಹಾಳು ಮಾಡುತ್ತದೆ ಎಂದು ಯಾರಾದರೂ ನನ್ನೆದುರು ಹೇಳಿದರೆ ಈಗಲೂ ನನ್ನ ದನಿ ಏರುತ್ತದೆ. ತೊಂಬತ್ತರ ದಶಕದ ಸಿಂಧನೂರಿನಲ್ಲಿ ನನ್ನ ಗೆಳೆಯನ ಜೀವ ತೆಗೆಯಲು ಹೊರಟಿದ್ದು ಆಟವಲ್ಲ. ಆಟ ಚೆನ್ನಾಗಿಯೇ ಇತ್ತು.

ನಾವಿಬ್ಬರೂ ಆಗ ಪಿಯುಸಿ ಓದುತ್ತಿದ್ದೆವು. ಅವನು ಮುಕ್ಕುಂದದವನು, ಸಿಂಧನೂರಿನಲ್ಲಿ ನನ್ನ ರೂಮಿನಲ್ಲೇ ಇದ್ದ. ಅಕ್ಕಿ ಮಿಲ್ಲುಗಳ ಕಡೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಅಂಗಡಿ, ಅದರೊಳಗೆ ಬೀರುವಿನಷ್ಟು ಎತ್ತರದ ಆಟದ ಪೆಟ್ಟಿಗೆ. ನಾಣ್ಯ ಹಾಕಿದರೆ ಸಂಗೀತ ಶುರುವಾಗಿ, ಪರದೆಯ ಮೇಲೆ ಪುಟ್ಟ ಸಿಪಾಯಿಯೊಬ್ಬ ಹಲಗೆ ಸೇತುವೆಗಳನ್ನು ದಾಟುತ್ತ ಓಡುತ್ತಿದ್ದ. ಉಳಿದವರೆಲ್ಲ ಗುಂಡಿಗಳನ್ನು ಬಡಿಯುತ್ತಿದ್ದರು. ಇವನು ಕಣ್ಣಿಟ್ಟು ನೋಡುತ್ತಿದ್ದ.

"ಸತ್ರ ಯಾಕ ಸತ್ತೆ ಅಂತ ತಿಳೀಬೇಕಲೇ, ಅದು ಚಲೋ ಆಟ," ಎನ್ನುತ್ತಿದ್ದ. "ಹಲಗಿ ಮುರಿಯೋ ಮೊದ್ಲ ಒಂದು ಸಲ ಅಲುಗಾಡತೈತಿ ನೋಡು. ಹೇಳೇ ಮುರೀತೈತಿ. ಬಿದ್ರ ತಪ್ಪು ನಂದ."

"ಮತ್ತ ಪರೀಕ್ಷಾದಾಗ ಬಿದ್ರ?"

"ಅದರಾಗ ಎಲ್ಲಾ ಹಲಗೀನೂ ಅಲುಗಾಡತಾವ, ಸುಮ್ಕಿರು."

ಆ ಪೆಟ್ಟಿಗೆಯ ಕಬ್ಬಿಣ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಅದರ ಪ್ಲಗ್ಗಿಗೆ ಮೂರು ಪಿನ್ನು, ಗೋಡೆಯಲ್ಲಿದ್ದದ್ದು ಎರಡೇ ತೂತು. ಅಂಗಡಿಯವನು ದಪ್ಪನೆಯ ಮೂರನೆಯ ಪಿನ್ನನ್ನು ಗರಗಸದಿಂದ ಕೊಯ್ದು ಹಾಕಿದ್ದ. ಸೋರಿದ ಕರೆಂಟು ನೆಲಕ್ಕೆ ಇಳಿಯಲು ಇದ್ದ ದಾರಿ ಅದೊಂದೇ. ಆಟ ಆಡಿಸುವ ಹಿಡಿಯ ಪ್ಲಾಸ್ಟಿಕ್ ಗುಂಡು ಕಳಚಿಹೋಗಿ ಬರೀ ಸಲಾಕೆ ಉಳಿದಿತ್ತು. ಅದಕ್ಕೆ ಸೈಕಲ್ ಟ್ಯೂಬು ಸುತ್ತಿದ್ದ. ಬಾಗಿಲಲ್ಲಿ 'ಚಪ್ಪಲಿ ಹಾಕಿಕೊಂಡೇ ಒಳಗೆ ಬನ್ನಿ' ಎಂದು ಬೋರ್ಡು ಬರೆಸಿದ್ದ. ಅಂದರೆ ಅವನಿಗೆ ಎಲ್ಲವೂ ಗೊತ್ತಿತ್ತು.

"ಅಣ್ಣಾರ, ಅರ್ಥಿಂಗ್ ಹಾಕಸ್ರಿ," ಎಂದು ನಾನು ಹೇಳಿದ್ದೆ.

"ಅಷ್ಟು ಕರೆಂಟ್ ಇರಲಿ ಬಿಡೋ ತಮ್ಮಾ, ಆಡೋರಿಗೆ ನಿದ್ದಿ ಬರಂಗಿಲ್ಲ," ಎಂದ. ಸುತ್ತ ನಿಂತವರು ನಕ್ಕರು.

ಮಹಾನವಮಿಯ ದಿನ ಆಯುಧ ಪೂಜೆ. ಆ ದಿನ ಯಂತ್ರ ದೇವರಾಗುತ್ತದೆ. ಅಂಗಡಿಯವನು ನೆಲ ತೊಳೆದ, ಪೆಟ್ಟಿಗೆ ಒರೆಸಿದ. ಕೊಳಕಾಗಿ ಕಾಣುತ್ತದೆಂದು ಹಿಡಿಯ ಟ್ಯೂಬನ್ನು ಬಿಚ್ಚಿ ಎಸೆದು, ಬರೀ ಸಲಾಕೆಗೆ ಕುಂಕುಮ ಹಚ್ಚಿದ. ಪೆಟ್ಟಿಗೆಯ ಮುಂದೆಯೇ ಕಾಯಿ ಒಡೆದ. ನೀರು ನೆಲದ ತುಂಬ ಹರಿಯಿತು. ದೇವರ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲುವವರು ಯಾರು? ಎಲ್ಲರ ಚಪ್ಪಲಿಗಳೂ ಹೊರಗೆ, ಆ ಬೋರ್ಡಿನ ಕೆಳಗೇ ಸಾಲಾಗಿದ್ದವು.

"ನಿನ್ನ ಕೈ ಚಲೋ ಐತಿ, ನೀನ ಬೋಣಿ ಮಾಡು," ಎಂದು ನನ್ನ ಗೆಳೆಯನನ್ನು ಕರೆದ. ದಿನದ ಮೊದಲ ಆಟದ ಈ ಮರ್ಯಾದೆಗಾಗಿಯೇ ಅವನು ಹಬ್ಬಕ್ಕೆ ಊರಿಗೆ ಹೋಗದೆ ಉಳಿದಿದ್ದ.

ಅವನು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಎಡಗೈಯಿಂದ ಸಲಾಕೆ ಹಿಡಿದ. ಮೈ ನಡುಗತೊಡಗಿತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ನಗುತ್ತಿದ್ದಾನೆ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೈ ಮುಗಿದರು.

"ದೇವಿ ಬಂದಾಳ ಮೈಮ್ಯಾಗ. ಸರೀರಿ, ಯಾರೂ ಮುಟ್ಟಬ್ಯಾಡ್ರಿ."

ಇನ್ನೂ ಇಬ್ಬರು ಕೈ ಮುಗಿದರು. ಅಂಗಡಿಯವನೂ ಮುಗಿದ. ಯಾವುದರಿಂದ ನಡುಗುತ್ತಿದ್ದಾನೆಂದು ಬಲ್ಲವನು ಅವನು, ಆದರೂ ಮುಗಿದ. ಆ ಕೈಗಳು ನನಗೆ ಇವತ್ತಿಗೂ ಕಾಣುತ್ತವೆ. ಅನ್ನ ಕಲಸುವಾಗ ಕಾಣುತ್ತವೆ, ಮನೆಯಲ್ಲಿ ಸ್ವಿಚ್ಚು ಒತ್ತುವಾಗ ಕಾಣುತ್ತವೆ.

ಕಟ್ಟಿಗೆಯ ಸ್ಟೂಲು ಎತ್ತಿ ಅವನ ಮುಂಗೈಗೆ ಬೀಸಿ ಹೊಡೆದೆ. ಕೈ ಕಳಚಿತು, ಅವನು ಬಿದ್ದ. ಪರದೆಯ ಮೇಲೆ ಸಿಪಾಯಿ ಸೇತುವೆಯ ಈ ತುದಿಯಲ್ಲಿ ಇವನಿಗಾಗಿ ಕಾಯುತ್ತ ನಿಂತೇ ಇದ್ದ.

ದವಾಖಾನೆಯಲ್ಲಿ ಕಣ್ಣು ಬಿಟ್ಟ. ಅಂಗೈ ಸುಟ್ಟಿತ್ತು, ಮುಂಗೈ ಮೂಳೆ ಸೀಳಿತ್ತು. ಅವನು ಮೊದಲು ಕೇಳಿದ್ದು, "ಎಲ್ಲಿ ತಪ್ಪಿದ್ನಲೇ ನಾ?"

"ಎಲ್ಲೂ ತಪ್ಪಿಲ್ಲ."

"ಮತ್ತ್ಯಾಕ ಹಿಂಗಾತು?"

ಮರುದಿನ ದಸರಾ. ಅಂಗಡಿಯವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬನ್ನಿ ಎಲೆ ಹಿಡಿದು ದವಾಖಾನೆಗೆ ಬಂದ. ಮುಕ್ಕುಂದದಿಂದ ಬಂದಿದ್ದ ಗೆಳೆಯನ ತಂದೆಯ ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಯಪ್ಪಾ," ಎಂದ. ಬನ್ನಿ ಕೊಟ್ಟವನ ಮೇಲೆ ಆ ದಿನ ಸಿಟ್ಟು ಇಟ್ಟುಕೊಳ್ಳಬಾರದು. ತಂದೆ ಎಲೆ ತೆಗೆದುಕೊಂಡರು. ದೂರು, ಪೊಲೀಸು ಎಲ್ಲವೂ ಅಲ್ಲಿಗೇ ಮುಗಿಯಿತು.

ಅವನು ನನಗೂ ಕೊಡಲು ಬಂದ. ನಾನು ಕೈ ಚಾಚಲಿಲ್ಲ.

"ತಗೊಳ್ಳಪಾ, ಬನ್ನಿ ಒಲ್ಲೆ ಅನಬಾರದು," ಎಂದರು ತಂದೆ.

"ಅರ್ಥಿಂಗ್ ಹಾಕಸ್ಯಾನೇನು ಕೇಳ್ರಿ," ಎಂದೆ.

ಅಂಗಡಿಯವನು ನನ್ನನ್ನು ದಿಟ್ಟಿಸಿದ. "ಹೊಡದು ಎಲುಬು ಮುರದಾಂವ ನೀನ. ನಾ ಏನರ ಅಂದೀನೇನು?"

ಆಮೇಲೆ ಓಣಿಯ ಹಿರಿಯರು ಸೇರಿ, ಆಟ ಕೆಟ್ಟದ್ದು, ಹುಡುಗರ ತಲೆ ಕೆಡಿಸುತ್ತದೆ ಎಂದು ಅಂಗಡಿ ಮುಚ್ಚಿಸಿದರು. ಕೈ ಮುಗಿದವರೂ ಆ ಗುಂಪಿನಲ್ಲಿದ್ದರು. ಪಿನ್ನಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ನಾನು ಎತ್ತಿದಾಗ, "ಕಾಲೇಜು ಕಲತೀ ಅಂತ ದೊಡ್ಡವರಿಗೆ ಬುದ್ಧಿ ಹೇಳಬ್ಯಾಡ," ಎಂದರು.

ಮುಂದೆ ಡಿಗ್ರಿಗೆ ಲಿಂಗಸೂಗೂರಿಗೆ ಸೇರಿದೆ. ಒಂದು ದಿನ ಬಸ್ಸು ಮಸ್ಕಿಯಲ್ಲಿ ನಿಂತಾಗ ಕಿಟಕಿಯಿಂದ ಆ ಸಂಗೀತ ಕೇಳಿಸಿತು. ಇಳಿದು ಓಡಿದೆ. ಅದೇ ಪೆಟ್ಟಿಗೆ, ಹೊಸ ಮಾಲೀಕ, ಹೊಸ ಸೈಕಲ್ ಟ್ಯೂಬು. ಪ್ಲಗ್ಗಿಗೆ ಅವೇ ಎರಡು ಪಿನ್ನು.

"ಚಪ್ಪಲಿ ಹಾಕ್ಕೊಂಡ ಬಾ, ಏನೂ ಆಗಂಗಿಲ್ಲ," ಎಂದ ಮಾಲೀಕ.

ಪ್ಲಗ್ಗು ಕಿತ್ತೆ. ಪರದೆ ಕಪ್ಪಾಯಿತು. ಆಡುತ್ತಿದ್ದವನು ನನ್ನದೇ ವಯಸ್ಸಿನವನು. "ಏನ್ರೀ ಇದು, ಕಡೀ ಸೇತುವಿ ಇತ್ತು," ಎಂದು ಮೈಮೇಲೆ ಬಂದ. ಕೊಯ್ದ ಪಿನ್ನಿನ ಜಾಗ ತೋರಿಸಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮಾಲೀಕ ಕಾಲರ್ ಹಿಡಿದು ನನ್ನನ್ನು ಹೊರಗೆ ದಬ್ಬಿದ.

ಆಡುತ್ತಿದ್ದವನು ಬಾಗಿಲವರೆಗೆ ಬಂದ. "ನಿಮ್ಮ ದೋಸ್ತ ಉಳದಾನೇನ್ರಿ?"

"ಉಳದಾನ. ಎಡಗೈ ಬೆರಳು ಮಡಚಾಕ ಬರಂಗಿಲ್ಲ."

"ಕಡೀ ಸೇತುವಿ ದಾಟಿದ್ನೇನು?"

"ದಾಟತಿದ್ದ."

ಅವನು ಬಗ್ಗಿ ತನ್ನ ಕಾಲಿನ ಚಪ್ಪಲಿ ನೋಡಿಕೊಂಡ. ಆಮೇಲೆ ಒಳಗೆ ಹೋದ. ಬಸ್ಸು ಹೋಗಿಬಿಟ್ಟಿತ್ತು. ಹಿಂದಿನಿಂದ ಆ ಸಂಗೀತ ಮತ್ತೆ ಮೊದಲಿನಿಂದ ಶುರುವಾಯಿತು.