ಇನ್ನೂ ಬಾರದ ವಾರದ ನೀರು

ಜರ್ಮನಿಗೆ ಬಂದ ಹನ್ನೊಂದನೆಯ ದಿನ ನನ್ನ ಬಾಡಿಗೆ ಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಫೋನಿನಲ್ಲಿ ಅನುವಾದ ಮಾಡಿಕೊಂಡು ಓದಿದೆ. ಬರುವ ಮಂಗಳವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ನೀರು ಬರುವುದಿಲ್ಲ, ತೊಂದರೆಗೆ ಕ್ಷಮಿಸಿ ಎಂದಿತ್ತು. ಎರಡು ತಾಸಿಗೆ ಕ್ಷಮೆ, ಅದೂ ಆರು ದಿನ ಮೊದಲೇ. ನನಗೆ ಸಂತೋಷವಾಗಬೇಕಿತ್ತು. ಆದದ್ದು ಮೈ ಉರಿಯುವಷ್ಟು ಸಿಟ್ಟು.

ಮಂಗಳವಾರ ಬೆಳಿಗ್ಗೆ ಬಕೆಟ್ಟು, ಕುಕ್ಕರು, ಪಾತ್ರೆಗಳು, ಕಡೆಗೆ ಊರಿಂದ ಜೋಳದ ಹಿಟ್ಟು ತಂದಿದ್ದ ಡಬ್ಬಿಯನ್ನೂ ತೊಳೆದು ನೀರು ತುಂಬಿಟ್ಟೆ. ಕೆಳಮನೆಯ ಅಜ್ಜಿ ಇಣುಕಿ ನೋಡಿ, ಮದುವೆಗೆ ಎಷ್ಟು ಜನ ಬರುತ್ತಾರೆ ಎಂದು ಕೇಳಿದಳು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ನೀರು ಬಂತು. ಇವರು ಅದನ್ನು ಲೈಟುಂಗ್ಸ್‌ವಾಸರ್ ಅನ್ನುತ್ತಾರೆ, ಅಂದರೆ ನಲ್ಲಿ ನೀರು. ಸೋಸುವುದಿಲ್ಲ, ಕಾಸುವುದಿಲ್ಲ, ಲೋಟ ಹಿಡಿದು ಕುಡಿಯುತ್ತಾರೆ.

ನಮ್ಮದು ಯಲಬುರ್ಗಾದಿಂದ ಕುಷ್ಟಗಿ ಕಡೆ ಹೋಗುವ ದಾರಿಯ ಊರು. ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಮೊದಲು ಹಲ್ಲಿಗೆ ಕಂದು ಗೆರೆ ಎಳೆಯುತ್ತದೆ, ಆಮೇಲೆ ಎಲುಬಿಗೆ ಇಳಿಯುತ್ತದೆ. ಊರಲ್ಲೇ ಕೊಟ್ಟ ನನ್ನ ಅಕ್ಕ ನೀಲವ್ವನಿಗೆ ಮೂವತ್ತಾರು ವರ್ಷ. ನೆಲದ ಮೇಲೆ ಕೂತರೆ ಏಳಲು ಇಬ್ಬರು ಬೇಕು. ಅವಳ ಮಗಳು ಪೂಜಾ ಎರಡನೆಯ ತರಗತಿ. ಹೋದ ವರ್ಷ ಅವಳ ಹೊಸ ಹಲ್ಲಿನಲ್ಲಿ ಗೆರೆ ಕಂಡಾಗ ಅಕ್ಕ ಒಂದು ದಿನ ಊಟ ಮಾಡಲಿಲ್ಲ.

ಊರಲ್ಲಿ ಶುದ್ಧ ನೀರಿನ ಘಟಕ ಇಲ್ಲವೆಂದಲ್ಲ. ಬಣ್ಣ ಬಳಿದ ಕೋಣೆ, ಒಳಗೆ ಯಂತ್ರ, ಹೊರಗೆ ಉದ್ಘಾಟಿಸಿದವರ ಹೆಸರಿನ ಕಲ್ಲು, ಬಾಗಿಲಿಗೆ ಬೀಗ. ಪಂಚಾಯಿತಿಯ ವಾಟರ್‌ಮನ್ ಆಗಿದ್ದವನು ನಮ್ಮಪ್ಪನೇ. ಮೋಟಾರು ಚಾಲೂ ಮಾಡಿ ಓಣಿ ಓಣಿಗೆ ನೀರು ಬಿಡುವುದು ಅವನ ಕೆಲಸ. ಘಟಕ ತನ್ನ ಕೈಯಲ್ಲಿಲ್ಲ, ಎಂಜಿನಿಯರ್ ಸಾಹೇಬರು ನೋಡಿಕೊಳ್ಳುತ್ತಾರೆ ಅನ್ನುತ್ತಿದ್ದ. ಆ ಸಾಹೇಬ ಒಮ್ಮೆ ಊರಿಗೆ ಬಂದಾಗ ಅಕ್ಕ ಕುಂಟುತ್ತ ಹೋಗಿ ಬೀಗ ತೆಗೆಸಿರಿ ಎಂದು ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ.

"ವಯಸ್ಸಾದ ಮ್ಯಾಲೆ ಮಣಕಾಲು ನೋಯ್ತಾವವ್ವಾ. ನೀರನ್ನ ಯಾಕ ಬೈತಿ?" ಎಂದ.

ಸುತ್ತ ನಿಂತವರು ನಕ್ಕರು. ಅಕ್ಕ ಸೆರಗು ಎಳೆದುಕೊಂಡು ಹಿಂದಕ್ಕೆ ಬಂದಳು. ಈ ಮನುಷ್ಯನನ್ನು ಬಿಡಬಾರದು ಎಂದು ನಾನು ಅವತ್ತೇ ತೀರ್ಮಾನಿಸಿದೆ. ಜರ್ಮನಿಗೆ ಬಂದೆ, ಇಲ್ಲಿನ ಭಾಷೆ ಕಲಿತೆ, ಆ ನಗು ಮಾತ್ರ ಕಿವಿಯಿಂದ ಹೋಗಲಿಲ್ಲ.

ಕೊಪ್ಪಳದಲ್ಲಿ ನಾನು ನರ್ಸ್ ಆಗಿದ್ದೆ. ಇಲ್ಲಿ ವೃದ್ಧಾಶ್ರಮದಲ್ಲಿ ಕೆಲಸ. ಒಬ್ಬೊಬ್ಬ ಅಜ್ಜ ಅಜ್ಜಿಯ ಹೆಸರಿಗೂ ಟ್ರಿಂಕ್‌ಪ್ರೋಟೊಕೊಲ್ ಎಂಬ ಹಾಳೆ ಇರುತ್ತದೆ. ಅವರು ಯಾವ ಹೊತ್ತಿಗೆ ಎಷ್ಟು ನೀರು ಕುಡಿದರೆಂದು ಅದರಲ್ಲಿ ಬರೆಯಬೇಕು. ನಾನು ಬೆಳಿಗ್ಗೆ ಬಂದವಳೇ ಹಾಳೆಯಲ್ಲಿ ಸಂಜೆಯವರೆಗಿನ ಚೌಕಗಳನ್ನೆಲ್ಲ ತುಂಬಿ, ಹಗುರಾಗಿ ಕೆಲಸ ಶುರು ಮಾಡುತ್ತಿದ್ದೆ. ಮೋಸವೆಂದು ಅನಿಸಿರಲಿಲ್ಲ. ಕೊಪ್ಪಳದಲ್ಲಿ ಹಿರಿಯ ಸಿಸ್ಟರ್‌ಗಳು ನನಗೆ ಮೊದಲು ಕಲಿಸಿದ್ದೇ ಅದು. ಹಾಳೆ ತುಂಬಿರಬೇಕು, ಸಾಹೇಬರು ಬಂದರೆ ತೋರಿಸಬೇಕು.

ಒಂದು ಮಧ್ಯಾಹ್ನ ಕೆಲ್ಲರ್ ಅಜ್ಜಿ ತಲೆ ಸುತ್ತಿ ಕುರ್ಚಿಯಿಂದ ಜಾರಿದಳು. ಮೇಲ್ವಿಚಾರಕಿ ಮೋನಿಕಾ ಹಾಳೆ ತೆಗೆದು ನೋಡಿದಳು. ಹಾಳೆಯ ಪ್ರಕಾರ ಹನ್ನೆರಡೂವರೆಗೇ ಅಜ್ಜಿ ಸಂಜೆ ನಾಲ್ಕರ ನೀರನ್ನೂ ಕುಡಿದು ಮುಗಿಸಿದ್ದಳು. ಮೋನಿಕಾ ಕೂಗಾಡಲಿಲ್ಲ. ನನ್ನನ್ನು ಕೂರಿಸಿ, "ಇವಳು ನಿಜವಾಗಿ ಎಷ್ಟು ಕುಡಿದಿದ್ದಾಳೆ?" ಎಂದಳು. ನನಗೆ ಗೊತ್ತಿರಲಿಲ್ಲ. ಎರಡು ವಾರ ನನ್ನ ಹಾಳೆಗಳನ್ನು ಇನ್ನೊಬ್ಬರು ಪರೀಕ್ಷಿಸಿದರು. ಆ ಎರಡು ವಾರ ನಾನು ತಲೆ ಎತ್ತಿ ನಡೆಯಲಿಲ್ಲ.

ಜೊತೆಯ ಕೆಲಸದವಳು ಘಾನಾ ದೇಶದ ಅಬೆನಾ ಸಮಾಧಾನ ಹೇಳಿದಳು. ಅವಳ ಊರಿನ ಬಾವಿಯ ಪಂಪು ಕಾಗದದಲ್ಲಿ ಬಹಳ ಆರೋಗ್ಯವಾಗಿದೆಯಂತೆ. ಇಬ್ಬರೂ ಒಣ ಬ್ರೆಡ್ಡು ಅಗಿಯುತ್ತ ನಕ್ಕೆವು. ಯಾವ ದೇಶದ ಮಕ್ಕಳು ಗಟ್ಟಿಯಾಗಿ ಬೆಳೆಯುತ್ತಾರೆ, ಯಾವ ದೇಶದವರ ಎಲುಬು ಬಗ್ಗುತ್ತದೆ ಎಂದು ದೊಡ್ಡ ಸಂಸ್ಥೆಯವರು ಪಟ್ಟಿ ಮಾಡುತ್ತಾರೆ. ನಾವು ಬಡವರು, ಅದಕ್ಕೇ ಕೆಳಗಿದ್ದೇವೆ ಎಂದು ನಾನೂ ನಂಬಿದ್ದೆ. ಆದರೆ ನಮ್ಮೂರಿಗೆ ಯಂತ್ರ ಬಂದಿತ್ತಲ್ಲ. ಬಾರದಿದ್ದದ್ದು ಹಾಳೆ ತೆಗೆದು ನೋಡುವ ಮೋನಿಕಾಳಂಥವಳು. ಇಲ್ಲಿನವರೇನು ದೇವರಲ್ಲ, ನನ್ನ ವೀಸಾ ಕಾಗದವನ್ನು ತಿಂಗಳುಗಟ್ಟಲೆ ಹಿಡಿದಿಟ್ಟರು. ಆದರೂ ಬರೆದದ್ದನ್ನು ಇನ್ನೊಬ್ಬರು ಬಂದು ನೋಡುತ್ತಾರೆಂಬ ಭಯ ಎಲ್ಲರಿಗೂ ಇದೆ.

ಸೇಡಿಗೆ ದಾರಿ ಸಿಕ್ಕಿದ್ದು ಅಲ್ಲಿ. ಘಟಕದ ನೀರಿನ ಪರೀಕ್ಷೆಯ ವಹಿಯ ನಕಲು ಕೊಡಿ ಎಂದು ಮಾಹಿತಿ ಹಕ್ಕಿನ ಅರ್ಜಿ ಬರೆದು ಕಳಿಸಿದೆ, ಅಕ್ಕ ಸಹಿ ಹಾಕಿದಳು. ನಕಲು ಬಂದ ದಿನ ಅವಳು ಫೋಟೊ ಕಳಿಸಿದಳು. ವಾರಕ್ಕೊಂದು ಸಾಲು, ಎಲ್ಲ ಸಾಲಿನಲ್ಲೂ "ಕುಡಿಯಲು ಯೋಗ್ಯ", ಪುಟದ ಕೆಳಗೆ ಸಾಹೇಬನ ಸಹಿ. ಒಂದೇ ಪೆನ್ನು, ಒಂದೇ ಕೂತಲ್ಲಿ ಬರೆದದ್ದು. ಕಡೆಯ ಮೂರು ಸಾಲಿನ ತಾರೀಖು ಇನ್ನೂ ಬಂದೇ ಇರಲಿಲ್ಲ. ಬರುವ ತಿಂಗಳ ನೀರನ್ನೂ ಪರೀಕ್ಷೆ ಮಾಡಿ ಮುಗಿಸಿದ್ದರು. ಬೇರೆ ಯಾರಾದರೂ ಆ ತಾರೀಖುಗಳನ್ನು ಗಮನಿಸದೆ ದಾಟಿ ಹೋಗುತ್ತಿದ್ದರೇನೋ. ಅದೇ ಕೆಲಸ ಮಾಡಿ ಸಿಕ್ಕಿಬಿದ್ದ ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅವು. ಸಾಹೇಬ ಸಿಕ್ಕಿದ ಎಂದು ಒಬ್ಬಳೇ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದೆ.

ಆಮೇಲೆ ಅಕ್ಷರ ನೋಡಿದೆ. ಬಾಲ ಎಳೆದು ಬರೆದ ಆ ಯಕಾರವನ್ನು ನನಗೆ ಪಾಟಿಯ ಮೇಲೆ ತಿದ್ದಿಸಿದ್ದು ನಮ್ಮಪ್ಪ. ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಷರ ನೋಡಿಯೇನವಾ?"

"ನೋಡೀನಿ," ಎಂದಳು. "ನೋಡೇ ಕಳಿಸೀನಿ."

ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ. ಅವನು ಮುಚ್ಚಿಡಲಿಲ್ಲ. "ಸಾಹೇಬ್ರು ಬರಿ ಅಂದ್ರು, ಬರದ್ನಿ. ಎಲ್ಲಾ ಊರಾಗೂ ಹಂಗ ಬರೀತಾರ."

"ಘಟಕದ ಕೀಲಿ ಯಾರ ಕಡೆ ಐತೆಪ್ಪಾ?"

"ನನ್ನ ಕಡೇನ ಐತಿ. ಮಷೀನ್ ಕೆಟ್ಟೈತಿ, ತಗದು ಏನು ಮಾಡ್ಲಿ? ನಾನೂ ಅದಾ ನೀರು ಕುಡದೀನಲ್ಲ."

"ಪೂಜಾನೂ ಕುಡೀತಾಳಪ್ಪಾ."

ಫೋನ್ ಇಟ್ಟ. ಮೇಲಧಿಕಾರಿಗಳಿಗೆ ಕೊಡುವ ದೂರಿನಲ್ಲಿ ಸಾಹೇಬನ ಹೆಸರಷ್ಟೇ ಬರೆದು ಅಪ್ಪನನ್ನು ಬಿಡಬಹುದಿತ್ತು. ಮೂರು ದಿನ ಯೋಚಿಸಿದೆ. ಬರೆದವರು ಯಾರೆಂದು ಹೇಳದಿದ್ದರೆ ಸಾಹೇಬ, ಯಾರೋ ಬರೆದದ್ದಕ್ಕೆ ನಾನು ನೋಡದೆ ಸಹಿ ಹಾಕಿದೆ ಎಂದು ಜಾರಿಕೊಳ್ಳುತ್ತಾನೆ. ಅಕ್ಕ ಒಂದೇ ಮಾತು ಹೇಳಿದಳು: "ಇಬ್ರದೂ ಬರಿ. ಅಪ್ಪ ನನ್ನ ಮಣಕಾಲು ಕಂಡೂ ಬರದಾನ." ಇಬ್ಬರದೂ ಬರೆದೆ.

ಮೇಲಿನವರು ಬಂದರು, ಯಂತ್ರ ರಿಪೇರಿಯಾಯಿತು, ಪೂಜಾ ಈಗ ಘಟಕದ ನೀರು ಕುಡಿಯುತ್ತಾಳೆ. ಅಪ್ಪನನ್ನು ಕೆಲಸದಿಂದ ತೆಗೆದರು. ಸಾಹೇಬನನ್ನು ಬೇರೆ ತಾಲ್ಲೂಕಿಗೆ ವರ್ಗ ಮಾಡಿದರು, ಅಷ್ಟೇ. ಅಷ್ಟಕ್ಕೇ ಬಿಡುವವಳಲ್ಲ ನಾನು. ಆ ತಾಲ್ಲೂಕಿನ ಊರುಗಳ ಪಟ್ಟಿ ಮೇಜಿನ ಮೇಲಿದೆ. ರಜೆಯ ದಿನ ಒಂದೊಂದೇ ಊರಿನ ವಹಿ ಕೇಳಿ ಅರ್ಜಿ ಹಾಕುತ್ತಿದ್ದೇನೆ. ಅವನು ಎಲ್ಲಿಗೆ ಹೋದರೂ ನನ್ನ ಅರ್ಜಿ ಹೋಗುತ್ತದೆ.

ಇಲ್ಲಿ ಕೆಲ್ಲರ್ ಅಜ್ಜಿಗೆ ನಾನೇ ನೀರು ಕುಡಿಸಬೇಕು, ಬೇರೆಯವರು ಕೊಟ್ಟರೆ ಬಾಯಿ ತೆರೆಯುವುದಿಲ್ಲ. ಊರಲ್ಲಿ ಅಪ್ಪ ನನ್ನ ಫೋನು ಎತ್ತುವುದಿಲ್ಲ. ಈಗ ಅವನೂ ಕೊಡ ಹಿಡಿದು ಘಟಕದ ಮುಂದೆ ಪಾಳಿಯಲ್ಲಿ ನಿಲ್ಲುತ್ತಾನಂತೆ. ಯಾರೋ ನನ್ನ ಬಗ್ಗೆ ಕೇಳಿದ್ದಕ್ಕೆ, "ಅಕಿ ಅಲ್ಲಿಯಾಕಿ ಆಗ್ಯಾಳ ಬಿಡ್ರಿ. ಅಕೀಗೆ ನಮ್ಮೂರ ಬ್ಯಾಡಾಗೈತಿ," ಎಂದನಂತೆ. ಅಕ್ಕ ಹೇಳಿದಳು. ಊರು ಬೇಡವಾಗಿದ್ದರೆ ನಾನು ಅಪ್ಪನನ್ನು ಉಳಿಸಿ, ಸಾಹೇಬನ ಹೆಸರೊಂದನ್ನೇ ಬರೆದು ಸುಮ್ಮನಾಗುತ್ತಿದ್ದೆ.