ಬಾರ್ ಮ್ಯಾನೇಜರ್ ಮುಂಡಪ್ಪನ ಪರಿಚಯ

ನವಿ ಮುಂಬಯಿಯ ಬೇಲಾಪುರದ ದೊಡ್ಡ ಹೋಟೆಲೊಂದರ ಬಾರ್ ಮ್ಯಾನೇಜರ್ ಮುಂಡಪ್ಪನನ್ನು ವೈನ್ ಬಗ್ಗೆ ಕೇಳದವರು ನೆರೂಳಿನ ಕನ್ನಡಿಗರಲ್ಲಿ ಯಾರೂ ಇಲ್ಲ. ಕೇಳಿದ್ದೆನೆಂದು ಒಪ್ಪಿಕೊಳ್ಳುವವರೂ ಯಾರೂ ಇಲ್ಲ. ಲಿಫ್ಟಿನಲ್ಲಿ ಕೇಳುತ್ತಾರೆ, ಲೋಕಲ್ ಗಾಡಿಯ ಬಾಗಿಲಲ್ಲಿ ಕಿವಿಗೆ ಬಾಯಿಟ್ಟು ಕೇಳುತ್ತಾರೆ. ಒಮ್ಮೆ ಸತ್ಯನಾರಾಯಣ ಪೂಜೆಯ ಊಟದಲ್ಲಿ, ಪಾಯಸ ಬಡಿಸುವ ಹೊತ್ತಿಗೇ ಒಬ್ಬರು ಕೇಳಿದ್ದರು.

ಕಾಪು ಕಡೆಯಿಂದ ಬಂದು ಠಾಣೆಯ ಇಡ್ಲಿ ಹೋಟೆಲಿನಲ್ಲಿ ಗ್ಲಾಸು ತೊಳೆದವನು ಮುಂಡಪ್ಪ. ಆಮೇಲೆ ಡೊಂಬಿವಲಿಯಲ್ಲಿ ಪರ್ಮಿಟ್ ರೂಮ್ ಎನ್ನುವ ಬಾರಿನಲ್ಲಿ ಗ್ಲಾಸು ತುಂಬಿಸಿದ. ಈಗ ಗ್ಲಾಸನ್ನು ಎಲ್ಲಿ ಹಿಡಿಯಬೇಕೆಂದು ಹೊಸಬರಿಗೆ ಕಲಿಸುತ್ತಾನೆ. ಬದುಕು ವೈನಾಗಿಯೇ ಸಾಗಿತ್ತು. ಮಗಳ ಮದುವೆಯ ಕರೆಯೋಲೆಯಲ್ಲಿ ಮಾತ್ರ ಬಂಧುಗಳು ಅವನನ್ನು ‘ಉದ್ಯಮಿ’ ಮಾಡಿಬಿಟ್ಟಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಹಾಗಾಗಿ ಕನ್ನಡ ಬಳಗದ ಕಾರ್ಯದರ್ಶಿ ಮಧ್ವರಾಜ, ವೈನ್ ಕುರಿತ ಪ್ರಶ್ನೋತ್ತರಕ್ಕೆ ಕರೆದಾಗ ಮುಂಡಪ್ಪ ಒಂದೇ ಶರತ್ತು ಹಾಕಿದ. “ಬಾರ್ ಮ್ಯಾನೇಜರ್ ಅಂತ ಮೈಕಿನಲ್ಲಿ ಹೇಳ್ಬೇಕು ಮಾರಾಯ್ರೆ.”

“ಅಯ್ಯೋ, ಅದಕ್ಕೆಂತ, ಹೇಳುವ!”

ಭಾನುವಾರ ಹಾಲ್ ತುಂಬಿತ್ತು. ಮಧ್ವರಾಜ ಮೈಕ್ ಹಿಡಿದು, “ಆತಿಥ್ಯ ಕ್ಷೇತ್ರದ ಹಿರಿಯರು, ದ್ರಾಕ್ಷಾರಸ ಚಿಂತಕರು” ಎಂದ. ಮುಂಡಪ್ಪ ಹಲ್ಲು ಕಚ್ಚಿ ಕುಳಿತ.

ಪ್ರಶ್ನೆಗಳು ಬಂದವು. ಆದರೆ ಕೇಳಿದವರಲ್ಲಿ ಒಬ್ಬರೂ ಕುಡಿಯುವವರಲ್ಲ!

“ನಮ್ಮ ಆಫೀಸಿನ ಮರಾಠಿಯವರೊಬ್ರು ಕೇಳ್ತಿದ್ರು,” ಎಂದರು ಬ್ಯಾಂಕಿನ ರಮಾಕಾಂತ, “ಕೆಂಪು ವೈನ್ ಫ್ರಿಜ್ಜಲ್ಲಿ ಇಡಬಾರದಂತೆ, ಹೌದಾ?”

“ಅದು ಚಳಿ ದೇಶದ ಮಾತು. ನೆರೂಳಿನ ಮೇ ತಿಂಗಳಲ್ಲಿ ಹೊರಗಿಟ್ರೆ ಕಷಾಯ ಆಗ್ತದೆ. ಸ್ವಲ್ಪ ತಂಪು ಮಾಡಿ ಅಂತ ಆ ಮರಾಠಿಯವರಿಗೆ ಹೇಳಿ.”

“ನನ್ನ ನಾದಿನಿ ಕೇಳಿದ್ಲು,” ಎಂದಳು ಮುಂದಿನ ಸಾಲಿನ ಯಾಮಿನಿ, “ಹಳೆಯದಾದಷ್ಟೂ ಒಳ್ಳೇದಂತೆ?”

“ಎಲ್ಲ ವೈನ್ ಅಲ್ಲ. ನಾವು ತರುವ ಹೆಚ್ಚಿನವು ಎರಡು ಮೂರು ವರ್ಷದೊಳಗೆ ಕುಡಿಯಲಿಕ್ಕೇ ಮಾಡಿದ್ದು. ನಾದಿನಿಗೆ ಕಾಯ್ಬೇಡಿ ಅನ್ನಿ.”

ಆ ಮರಾಠಿಯವರು ಹುಟ್ಟಿಯೇ ಇಲ್ಲವೆಂದು ಮುಂಡಪ್ಪನಿಗೆ ಗೊತ್ತಿತ್ತು. ಇದೇ ಪ್ರಶ್ನೆಯನ್ನು ರಮಾಕಾಂತ ಲಿಫ್ಟಿನಲ್ಲಿ ಕೇಳಿದ್ದರು. ಇನ್ನೊಬ್ಬರು ತಮ್ಮ ಭಾವನ ಪರವಾಗಿ, ವೈನಿಗೆ ಐಸ್ ಹಾಕಬಹುದೇ ಎನ್ನುವಷ್ಟರಲ್ಲಿ ಅವನು ಎದ್ದೇಬಿಟ್ಟ.

“ಸಾಕು! ಕುಡಿದವರಿಗೂ ಹೆಸರಿಲ್ಲ, ಕುಡಿಸಿದವನಿಗೂ ಹೆಸರಿಲ್ಲ. ಇಷ್ಟು ವರ್ಷ ನಾನೇನು ಕಳ್ಳತನ ಮಾಡಿದ್ದಾ? ಸ್ವಂತ ಪ್ರಶ್ನೆ ಇದ್ರೆ ಕೇಳಿ, ಇಲ್ಲದಿದ್ರೆ ನಾನು ಹೊರಟೆ!”

ಅವನು ಮೈಕ್ ಕೆಳಗಿಡುತ್ತಿದ್ದಾಗ ಹಿಂದಿನ ಸಾಲಿನಿಂದ ಮಧ್ವರಾಜನ ತಾಯಿ ಅಕ್ಕು ಎದ್ದರು.

“ನನ್ನದೇ ಪ್ರಶ್ನೆ ಮಗಾ. ತೆರೆದ ಬಾಟ್ಲಿ ಎಷ್ಟು ದಿನ ಬರ್ತದೆ? ಇವ, ನನ್ನ ಮಗ, ಫ್ರಿಜ್ಜಲ್ಲಿ ಪುನರ್ಪುಳಿಯ ಕೆಂಪು ಶರಬತ್ತು ಅಂತ ಚೀಟಿ ಹಚ್ಚಿ ಇಟ್ಟಿದ್ದಾನೆ. ಮೊದಲ ದಿನ ಲಾಯ್ಕಿತ್ತು, ಮೊನ್ನೆ ಕುಡಿದ್ರೆ ಬರೀ ಹುಳಿ.”

ಸಭೆ ಗೊಳ್ಳೆಂದಿತು. ಮುಂಡಪ್ಪ ನಗಲಿಲ್ಲ. “ಉತ್ತರ ಉಂಟು ದೊಡ್ಡಮ್ಮ. ಮೊದ್ಲು ನನ್ನ ಪರಿಚಯ ಆಗ್ಲಿ,” ಎಂದು ಮೈಕನ್ನು ಮಧ್ವರಾಜನ ಮೂಗಿಗೆ ಹಿಡಿದ.

“ಶ್ರೀ ಮುಂಡಪ್ಪ... ಬಾರ್ ಮ್ಯಾನೇಜರ್,” ಎಂದು ಮಧ್ವರಾಜ ಗೊಣಗಿದ.

“ಕೇಳ್ಲಿಲ್ಲ,” ಎಂದರು ಅಕ್ಕು.

“ಬಾರ್ ಮ್ಯಾನೇಜರ್!”

“ಮೂರ್ನಾಲ್ಕು ದಿನ, ದೊಡ್ಡಮ್ಮ,” ಎಂದ ಮುಂಡಪ್ಪ. “ಬೂಚು ಗಟ್ಟಿ ಹಾಕಿ ಫ್ರಿಜ್ಜಲ್ಲೇ ಇಡಿ. ಲೇಬಲ್ ಸರಿಯಾಗಿ ಹಚ್ಲಿಕ್ಕೆ ಮಗನಿಗೆ ಹೇಳಿ.”